ಲೋಳೆಸರ: ಹಚ್ಚೋದು ಯಾವುದಕ್ಕೆ, ಕುಡಿಯೋದು ಬೇಕಾ?

ಓದುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಲೋಳೆಸರದ್ದೇ ಒಂದು ಕಂತೆ ಇದೆ. "ಖಾಲಿ ಹೊಟ್ಟೆಯಲ್ಲಿ ಜ್ಯೂಸ್ ಕುಡಿದರೆ ಶುಗರ್ ಇಳಿಯುತ್ತಂತೆ, ಹೌದಾ?" "ಸುಟ್ಟ ಗಾಯಕ್ಕೆ ನೇರವಾಗಿ ಹಚ್ಚಬಹುದಾ?" "ಹಚ್ಚಿದ ಅರ್ಧ ಗಂಟೆಗೇ ಮುಖ ಕಡಿಯೋಕೆ ಶುರುವಾಯಿತು, ಯಾಕೆ?" "ಕೂದಲು ಬೆಳೆಯುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಎಲ್ಲ ಒಂದೇ ಕಡೆ ಇರಲಿ ಅಂತ ಇಲ್ಲಿ ಕೂಡಿಸಿದ್ದೇನೆ.

ಈ ಗಿಡದ ಬಗ್ಗೆ ಜನ ಹೇಳುವುದರಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಅರೆಬೆಂದದ್ದು, ಮಿಕ್ಕಿದ್ದು ಬಾಯಿಮಾತು. ಇವನ್ನು ಬೇರೆ ಮಾಡಿಕೊಳ್ಳುವುದಕ್ಕೆ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಎಲೆಯೊಳಗೆ ಎರಡು ಪದಾರ್ಥ ಇವೆ. ಒಂದು ತಣ್ಣಗಿನ ಲೋಳೆ, ಇನ್ನೊಂದು ಹಳದಿ ಬಣ್ಣದ ಕಹಿ ರಸ. ಎರಡನ್ನೂ ಸೇರಿಸಿ "ಅಲೋವೆರಾ" ಅಂದುಬಿಡುತ್ತೇವೆ. ಒಂದರ ಗುಣವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುತ್ತೇವೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಮೊದಲು ಎಲೆ ಕತ್ತರಿಸಿ ನೋಡಿ

ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಹೊರಗೆ ಹಸಿರು ಸಿಪ್ಪೆ. ಒಳಗೆ ಗಾಜಿನಂತೆ ತಿಳಿಯಾದ ಲೋಳೆ. ಸಿಪ್ಪೆಯ ಒಳಮೈಗೆ ಅಂಟಿಕೊಂಡಂತೆ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳ ಸಾಲು ಕಾಣುತ್ತದೆ. ಸ್ವಲ್ಪ ಹೊತ್ತು ಕಾದರೆ ಆ ಚುಕ್ಕೆಗಳಿಂದ ಹಳದಿ ಹನಿ ಮೂಡಿ ಅಂಚಿನಗುಂಟ ಇಳಿಯುತ್ತದೆ. ಮುಟ್ಟಿದರೆ ಅಂಟಂಟು. ಒಣಗಿದ ಮೇಲೆ ಕಂದು.

ತಿಳಿಯಾದ ಭಾಗಕ್ಕೆ ನಾನು ಇಲ್ಲಿ ಲೋಳೆ ಅಥವಾ ಜೆಲ್ ಅನ್ನುತ್ತೇನೆ. ಅದರಲ್ಲಿ ಶೇ. 98ಕ್ಕೂ ಜಾಸ್ತಿ ನೀರೇ. ಉಳಿದ ಚೂರಿನಲ್ಲಿ ಮುಖ್ಯವಾದದ್ದು ಅಸೆಮನ್ನಾನ್. ಸಕ್ಕರೆಯ ಸಣ್ಣ ಕಣಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಪದಾರ್ಥ ಅದು. ಲೋಳೆಗೆ ಆ ಜಾರುವ ಗುಣ ಬರುವುದು ಇಂಥ ಸರಪಳಿಗಳಿಂದಲೇ.

ಹಳದಿ ರಸಕ್ಕೆ ಲೇಟೆಕ್ಸ್ ಅನ್ನುತ್ತಾರೆ. ಅದರಲ್ಲಿರುವ ಅಲೋಯಿನ್ ಎಂಬ ಕಹಿ ಪದಾರ್ಥ ಜೋರಾಗಿ ಭೇದಿ ಮಾಡಿಸುತ್ತದೆ. ಈ ರಸವನ್ನು ಒಣಗಿಸಿದರೆ ಕಪ್ಪನೆಯ ಗಟ್ಟಿ ಉಂಡೆಯಾಗುತ್ತದೆ. ಹಳಬರು ಕರಿಬೋಳ ಅನ್ನುತ್ತಿದ್ದದ್ದು ಇದಕ್ಕೇ. ಹಳೆಯ ವೈದ್ಯದ ಪುಸ್ತಕಗಳಲ್ಲಿ "ಅಲೋ" ಅಂತ ಕಂಡರೆ ಅದು ಬಹಳ ಸಲ ಈ ಉಂಡೆಯೇ ಆಗಿರುತ್ತದೆ, ಮುಖಕ್ಕೆ ಹಚ್ಚುವ ತಂಪು ಲೋಳೆ ಆಗಿರುವುದಿಲ್ಲ. "ಸಾವಿರಾರು ವರ್ಷದಿಂದ ಕುಡಿಯುತ್ತಿದ್ದಾರೆ" ಅಂತ ಯಾರಾದರೂ ಹೇಳಿದರೆ, ಯಾವುದನ್ನು ಅಂತ ಒಮ್ಮೆ ಕೇಳಿ ನೋಡಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಹರಿತವಾದ ಚಾಕು, ಒಂದು ಲೋಟ, ಚಮಚ, ಮುಚ್ಚಳ ಇರುವ ಗಾಜಿನ ಡಬ್ಬಿ, ಶುದ್ಧ ನೀರು. ಚರ್ಮ ಸೂಕ್ಷ್ಮವಾಗಿದ್ದರೆ ಕೈಗವಸು.

ಹಂತ 1: ಗಿಡ ಅದೇನಾ ನೋಡಿಕೊಳ್ಳಿ

ಅಲೋ ಜಾತಿಯಲ್ಲಿ 500ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಬರೀ ಅಂದಕ್ಕೆ ಬೆಳೆಸುವಂಥವು, ಕೆಲವು ವಿಷವೂ ಹೌದು. ಆದರೆ ಜನ ಎಡವುವುದು ಕತ್ತಾಳೆಯ ಹತ್ತಿರ. ಹೆಸರಿನಲ್ಲೇ ಗೊಂದಲ ಇದೆ, ಕೆಲವರು ಲೋಳೆಸರಕ್ಕೂ ಕತ್ತಾಳೆ ಅಂದುಬಿಡುತ್ತಾರೆ. ನೋಡುವುದಕ್ಕೂ ಎರಡೂ ಒಂದೇ ಥರ, ದಪ್ಪ ಎಲೆ, ಅಂಚಿನಲ್ಲಿ ಮುಳ್ಳು. ನಿಜವಾದ ಕತ್ತಾಳೆಯ ರಸ ತಾಗಿದರೆ ಚರ್ಮ ಉರಿಯುತ್ತದೆ, ಬೊಬ್ಬೆಯೂ ಏಳಬಹುದು. ಅದರೊಳಗೆ ಸೂಜಿಯಂಥ ಹರಳುಗಳಿರುತ್ತವೆ.

ಗುರುತು ಹಿಡಿಯುವುದು ಕಷ್ಟವಲ್ಲ. ಲೋಳೆಸರದ ಎಲೆ ಮುರಿದರೆ ಪಟ್ಟಂತ ಮುರಿಯುತ್ತದೆ, ಒಳಗೆ ಲೋಳೆ. ಕತ್ತಾಳೆ ಹಾಗೆ ಮುರಿಯುವುದಿಲ್ಲ, ಒಳಗೆ ಗಟ್ಟಿ ನಾರಿರುತ್ತದೆ. ಹಗ್ಗ ಹೊಸೆಯುವುದು ಆ ನಾರಿನಿಂದಲೇ ಅಲ್ವಾ. ಕತ್ತಾಳೆ ಎಲೆಯ ತುದಿಯಲ್ಲಿ ಸಾಮಾನ್ಯವಾಗಿ ಸೂಜಿಯಂತೆ ಚುಚ್ಚುವ ಗಟ್ಟಿ ಮುಳ್ಳು. ಲೋಳೆಸರದ ತುದಿ ಅಷ್ಟು ಗಡುಸಲ್ಲ, ಅಂಚಿನ ಹಲ್ಲುಗಳೂ ಮೆತ್ತಗೆ. ಇಷ್ಟು ನೋಡಿದರೂ ಅನುಮಾನ ಉಳಿದರೆ ಆ ಗಿಡ ಮುಟ್ಟಬೇಡಿ.

ಹಂತ 2: ಹಳದಿ ರಸ ಇಳಿಸಿ

ಗಡಿಬಿಡಿ ಮಾಡುವವರೆಲ್ಲ ಸಿಕ್ಕಿಹಾಕಿಕೊಳ್ಳುವುದು ಈ ಹಂತದಲ್ಲಿ. ನಾನೂ ಮೊದಲ ಸಲ ಎಲೆ ಮುರಿದ ಕೂಡಲೇ ಮುಂಗೈಗೆ ಉಜ್ಜಿಕೊಂಡಿದ್ದೆ. ರಾತ್ರಿಯ ಹೊತ್ತಿಗೆ ಅಲ್ಲೆಲ್ಲ ಕೆಂಪು ಗೆರೆ, ತಡೆಯಲಾರದ ಕಡಿತ. ಬೈದದ್ದು ಗಿಡಕ್ಕೆ, ತಪ್ಪು ನನ್ನದು.

ಗಿಡದ ಬುಡದಲ್ಲಿ, ಹೊರಸುತ್ತಿನಲ್ಲಿರುವ ಎಲೆ ಆರಿಸಿ. ಹಳೆಯ, ದಪ್ಪ ಎಲೆಗಳು ಅಲ್ಲೇ ಇರುತ್ತವೆ. ನಡುವಿನ ಎಳೆಯ ಎಲೆ ಕಿತ್ತರೆ ಗಿಡ ಸೊರಗುತ್ತದೆ, ಲೋಳೆಯೂ ಸರಿಯಾಗಿ ಸಿಗುವುದಿಲ್ಲ. ಕಾಂಡಕ್ಕೆ ಹತ್ತಿರ ಒಂದೇ ಏಟಿಗೆ ಕೊಯ್ಯಿರಿ. ಕೊಯ್ದ ಬದಿ ಕೆಳಗೆ ಬರುವಂತೆ ಎಲೆಯನ್ನು ಲೋಟದಲ್ಲಿ ನಿಲ್ಲಿಸಿ. ಇಪ್ಪತ್ತು ನಿಮಿಷ, ಎಲೆ ದೊಡ್ಡದಾಗಿದ್ದರೆ ಅರ್ಧ ಗಂಟೆ ಬಿಡಿ. ಲೋಟದ ತಳದಲ್ಲಿ ಒಂದು ಚಮಚಕ್ಕೂ ಕಡಿಮೆ ಹಳದಿ ನೀರು ಕೂತಿರುತ್ತದೆ. ಮೂಗಿನ ಹತ್ತಿರ ತಂದರೆ ಒಂಥರಾ ಘಾಟು.

ಆ ನೀರು ಚೆಲ್ಲಿಬಿಡಿ. "ಪೋಷಕಾಂಶ ಹಾಳಾಗುತ್ತೆ" ಅಂತ ಅದನ್ನೂ ಜ್ಯೂಸಿಗೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ, ಅದನ್ನೂ ನೋಡಿಕೊಳ್ಳಿ.

ಹಂತ 3: ಲೋಳೆ ಬಿಡಿಸಿ, ತೊಳೆಯಿರಿ

ಎಲೆಯ ಬುಡ, ತುದಿ ಎರಡನ್ನೂ ಕತ್ತರಿಸಿ. ಎರಡು ಬದಿಯ ಮುಳ್ಳಿನ ಅಂಚು ಉದ್ದಕ್ಕೂ ಸೀಳಿ ತೆಗೆಯಿರಿ. ಎಲೆಯನ್ನು ಹಲಗೆ ಮೇಲೆ ಮಲಗಿಸಿ ಮೇಲಿನ ಸಿಪ್ಪೆ ಎಬ್ಬಿಸಿ, ಚಮಚದಿಂದ ಲೋಳೆಯನ್ನು ಮೆಲ್ಲಗೆ ಕೆರೆಯಿರಿ. ಸಿಪ್ಪೆಯವರೆಗೂ ಕೆರೆಯಬೇಡಿ, ತೆಳುವಾದ ಒಂದು ಪದರ ಅಲ್ಲೇ ಉಳಿಯಲಿ. ಹಳದಿ ರಸ ಅಡಗಿರುವುದು ಆ ಜಾಗದಲ್ಲೇ. ಜಿಪುಣತನ ಇಲ್ಲಿ ಲಾಭ ತರುವುದಿಲ್ಲ.

ತುಂಡುಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಿಡಿದರೆ ಮೀನಿನ ಹಾಗೆ ಜಾರುತ್ತವೆ, ಕೆಳಗೊಂದು ಜರಡಿ ಇಟ್ಟುಕೊಳ್ಳಿ. ಐದು ನಿಮಿಷ ನೀರಿನಲ್ಲಿ ನೆನೆಸಿ ಇನ್ನೊಮ್ಮೆ ತೊಳೆದರೆ ಇನ್ನೂ ಒಳ್ಳೆಯದು. ಕೊನೆಗೆ ಒಂದು ಚೂರನ್ನು ನಾಲಿಗೆ ತುದಿಗೆ ಮುಟ್ಟಿಸಿ ಉಗಿಯಿರಿ. ಚೆನ್ನಾಗಿ ತೊಳೆದ ಲೋಳೆ ಹೆಚ್ಚುಕಡಿಮೆ ಸಪ್ಪೆ. ಕಹಿ ಎದ್ದು ಬಂದರೆ ರಸ ಇನ್ನೂ ಉಳಿದಿದೆ ಅಂತ ಅರ್ಥ, ಮತ್ತೆ ತೊಳೆಯಿರಿ. ಗರ್ಭಿಣಿಯರು, ಮಕ್ಕಳು ಈ ರುಚಿ ಪರೀಕ್ಷೆಗೆ ಹೋಗಬೇಡಿ.

ಹಂತ 4: ಹಚ್ಚುವ ಮುಂಚೆ ಒಂದು ದಿನ ಕಾಯಿರಿ

ಮೊಣಕೈ ಮಡಚುವ ಕಡೆ, ಒಳಬದಿಯಲ್ಲಿ, ನಾಣ್ಯದಷ್ಟು ಜಾಗಕ್ಕೆ ಲೋಳೆ ಹಚ್ಚಿ. 24 ಗಂಟೆ ನೋಡಿ, ಸಾಧ್ಯವಾದರೆ 48 ಗಂಟೆ. ಕೆಂಪಾದರೆ, ತುರಿಸಿದರೆ, ಸಣ್ಣ ಗುಳ್ಳೆ ಎದ್ದರೆ ಈ ಗಿಡ ನಿಮಗೆ ಆಗಿಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಲಿಲ್ಲಿ ಹೂವು ಇವುಗಳ ಅಲರ್ಜಿ ಇರುವವರಿಗೆ ಲೋಳೆಸರವೂ ಅಲರ್ಜಿ ಆಗುವ ಸಾಧ್ಯತೆ ಜಾಸ್ತಿ. ಇಷ್ಟಕ್ಕೆ ಒಂದು ದಿನ ಯಾಕೆ ಅನ್ನಿಸಬಹುದು. ಮುಖ ಊದಿಸಿಕೊಂಡು ಒಂದು ವಾರ ಒಳಗೆ ಕೂರುವುದಕ್ಕಿಂತ ಒಂದು ದಿನ ಕಾಯುವುದು ವಾಸಿ.

ಹಂತ 5: ಯಾವುದಕ್ಕೆ ಹಚ್ಚಬಹುದು, ಯಾವುದಕ್ಕೆ ಬೇಡ

ಸುಟ್ಟ ಗಾಯದಿಂದ ಶುರು ಮಾಡುತ್ತೇನೆ. ಲೋಳೆಸರದ ಪರವಾಗಿ ಇರುವ ಪುರಾವೆಯಲ್ಲಿ ಗಟ್ಟಿಯಾದದ್ದು ಇಲ್ಲೇ ಸಿಗುವುದು. 1935ರಲ್ಲೇ ಎಕ್ಸ್‌ರೇಯಿಂದ ಸುಟ್ಟ ಚರ್ಮಕ್ಕೆ ತಾಜಾ ಎಲೆ ಹಚ್ಚಿ ವಾಸಿಯಾದ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದಿತ್ತು. ಈ ಗಿಡ ಆಧುನಿಕ ವೈದ್ಯರ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಅಲ್ಲಿಂದ. 2007ರಲ್ಲಿ ನಾಲ್ಕು ಪ್ರಯೋಗಗಳನ್ನು, ಒಟ್ಟು 371 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಲೋಳೆಸರ ಹಚ್ಚಿದವರ ಗಾಯ ಸರಾಸರಿ ಸುಮಾರು ಒಂಬತ್ತು ದಿನ ಮೊದಲೇ ಮಾಗಿತ್ತು. ಆದರೆ ಆ ಪ್ರಯೋಗಗಳು ಚಿಕ್ಕವು. ಒಂದೊಂದರಲ್ಲಿ ಬಳಸಿದ ಲೋಳೆಯೂ ಒಂದೊಂದು ಥರ. ಹಾಗಾಗಿ "ಸಹಾಯ ಮಾಡುವಂತಿದೆ" ಅನ್ನಬಹುದು, ಅದಕ್ಕಿಂತ ಮುಂದೆ ನಾನು ಹೋಗುವುದಿಲ್ಲ.

ಕೈ ಸುಟ್ಟಾಗ ಕ್ರಮ ಹೀಗಿರಲಿ. ಮೊದಲು ಉಂಗುರ, ಬಳೆ, ಗಡಿಯಾರ ಬಿಚ್ಚಿ, ಆಮೇಲೆ ಊದಿಕೊಂಡರೆ ತೆಗೆಯಲಾಗುವುದಿಲ್ಲ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಅಂದರೆ ನಿಜವಾಗಿಯೂ ಇಪ್ಪತ್ತು, ಗಡಿಯಾರ ನೋಡಿಕೊಂಡು. ಎರಡು ನಿಮಿಷಕ್ಕೆ ಕೈ ತೆಗೆದು ಗಿಡ ಹುಡುಕಿಕೊಂಡು ಓಡಬೇಡಿ. ಐಸ್ ಇಡಬೇಡಿ, ಅದರಿಂದ ಚರ್ಮಕ್ಕೆ ಇನ್ನೂ ಪೆಟ್ಟು. ಇಷ್ಟಾದ ಮೇಲೆ ಚರ್ಮ ಬರೀ ಕೆಂಪಾಗಿದ್ದು, ಎಲ್ಲೂ ಒಡೆಯದೆ, ಬೊಬ್ಬೆ ಬರದೆ, ಗಾಯ ನಿಮ್ಮ ಅಂಗೈಗಿಂತ ಚಿಕ್ಕದಾಗಿದ್ದರೆ ಲೋಳೆ ಹಚ್ಚಬಹುದು. ದಿನಕ್ಕೆ ಎರಡು ಮೂರು ಸಲ, ತೆಳ್ಳಗೆ.

ಬೊಬ್ಬೆ ಎದ್ದಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ತಿರುಗಿದ್ದರೆ, ಮುಖ, ಕೈ, ಕೀಲು, ಗುಪ್ತಾಂಗದ ಜಾಗ ಗಂಭೀರವಾಗಿ ಸುಟ್ಟಿದ್ದರೆ, ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಆಗಿದ್ದರೆ ಏನನ್ನೂ ಹಚ್ಚದೆ ಆಸ್ಪತ್ರೆಗೆ ಹೋಗಿ. ನೀವು ಹಚ್ಚಿದ್ದನ್ನು ಅಲ್ಲಿ ಮೊದಲು ತೊಳೆಯಬೇಕಾಗುತ್ತದೆ. ಆ ನೋವು ಬೇರೆ.

ಹಾಗಾದರೆ ಕೊಯ್ದ ಗಾಯಕ್ಕೂ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಇಲ್ಲಿ ಕತೆ ತಿರುಗುತ್ತದೆ. ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿಕೊಂಡು ಬಾಯಿ ತೆರೆದ ಗಾಯಗಳ ಮೇಲೆ 1991ರಲ್ಲಿ ಒಂದು ಪ್ರಯೋಗ ನಡೆಯಿತು. ಮಾಮೂಲಿ ಚಿಕಿತ್ಸೆ ಪಡೆದವರಿಗೆ ಗಾಯ ಮಾಯಲು ಸರಾಸರಿ 53 ದಿನ ಹಿಡಿಯಿತು. ಅದರ ಜೊತೆಗೆ ಲೋಳೆಸರದ ಜೆಲ್ ಹಚ್ಚಿಸಿಕೊಂಡವರಿಗೆ 83 ದಿನ. ಒಂದು ತಿಂಗಳು ಜಾಸ್ತಿ! 2012ರಲ್ಲಿ ಇಂಥ ಗಾಯಗಳ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆ, ಗಾಯಕ್ಕೆ ಲೋಳೆಸರ ಒಳ್ಳೆಯದು ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತಲೇ ಹೇಳಿತು. ಇನ್ನೊಂದು ಮಾತು, ಮನೆಯಲ್ಲಿ ಕೆರೆದ ಲೋಳೆ ಎಷ್ಟು ತೊಳೆದರೂ ಕ್ರಿಮಿ ಇಲ್ಲದ್ದು ಆಗುವುದಿಲ್ಲ. ಬಾಯಿ ತೆರೆದ ಗಾಯದಿಂದ ಅದನ್ನು ದೂರ ಇಡಿ.

ಸೋರಿಯಾಸಿಸ್ ಇರುವವರೂ ತುಂಬಾ ಕೇಳುತ್ತಾರೆ. ಚರ್ಮದ ಮೇಲೆ ಬೆಳ್ಳಿ ಬಣ್ಣದ ಹಕ್ಕಳೆ ಏಳುವ ಕಾಯಿಲೆ ಇದು. 1996ರಲ್ಲಿ 60 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಲೋಳೆಸರದ ಕ್ರೀಮ್ ಹಚ್ಚಿದ ಶೇ. 83 ಜನ ವಾಸಿಯಾದರು ಅಂತ ಬಂತು. ಈಗಲೂ ಎಲ್ಲ ಕಡೆ ಓಡಾಡುವುದು ಆ ಅಂಕಿಯೇ. 2005ರ ಇನ್ನೊಂದು ಪ್ರಯೋಗದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಅದರಲ್ಲಿ ಒಬ್ಬೊಬ್ಬ ರೋಗಿಗೂ ಒಂದು ಕಡೆ ಲೋಳೆಸರದ ಜೆಲ್, ಇನ್ನೊಂದು ಕಡೆ ಪ್ಲಸೀಬೊ ಹಚ್ಚಿದರು. ಪ್ಲಸೀಬೊ ಅಂದರೆ ನೋಡಲು ಅದೇ ಥರ ಇದ್ದು ಒಳಗೆ ಔಷಧಿ ಇಲ್ಲದ್ದು. ಜೆಲ್ ಹಚ್ಚಿದ ಜಾಗಗಳಲ್ಲಿ ಶೇ. 72ರಷ್ಟು ಸುಧಾರಿಸಿದವು. ಪ್ಲಸೀಬೊ ಹಚ್ಚಿದ ಜಾಗಗಳಲ್ಲಿ ಶೇ. 82ರಷ್ಟು! ಒಂದೇ ಪ್ರಯೋಗ ನೋಡಿ ತೀರ್ಮಾನಿಸಬಾರದು ಅಂತ ನಾನು ಸುಮ್ನೆ ಹೇಳುವುದಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಬಿಸಿಲಿಗೆ ಕೆಂಪಾದ ಚರ್ಮಕ್ಕೆ ಹಚ್ಚಿದರೆ ತಣ್ಣಗೆ ಹಿತ ಅನ್ನಿಸುತ್ತದೆ, ಅಷ್ಟಕ್ಕೆ ಅಡ್ಡಿಯಿಲ್ಲ. ಆದರೆ ಬಿಸಿಲು ತಡೆಯುವ ಗುಣ ಅದಕ್ಕಿಲ್ಲ, ಸನ್‌ಸ್ಕ್ರೀನ್ ಬದಲು ಹಚ್ಚಿಕೊಂಡು ಹೊರಗೆ ಹೋಗಬೇಡಿ. ಮೊಡವೆಗೆ, ವೈದ್ಯರು ಕೊಟ್ಟ ಮುಲಾಮಿನ ಜೊತೆ ಹಚ್ಚಿದಾಗ ಸ್ವಲ್ಪ ಅನುಕೂಲ ಕಂಡ ಸಣ್ಣ ಪ್ರಯೋಗ ಇದೆ, ಒಂದೇ ಹಚ್ಚಿದರೆ ಮೊಡವೆ ಹೋಗುತ್ತದೆ ಅನ್ನಲಾಗದು. ನೆತ್ತಿ ಕೆಂಪಾಗಿ ಜಿಡ್ಡು ಹೊಟ್ಟು ಉದುರುವ ತೊಂದರೆಗೆ 1999ರ ಒಂದು ಪ್ರಯೋಗ ಒಳ್ಳೆಯ ಫಲ ತೋರಿಸಿತ್ತು. ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಮಾತ್ರ ನಂಬುವಂಥ ಪುರಾವೆ ಇಲ್ಲ. ಹಚ್ಚಿದಾಗ ಕೂದಲು ನುಣುಪಾಗಿ ಕಾಣುತ್ತದೆ ನಿಜ. ನುಣುಪೇ ಬೇರೆ, ಬೆಳೆಯುವುದೇ ಬೇರೆ. ಕ್ಯಾನ್ಸರಿಗೆ ರೇಡಿಯೇಶನ್ ತೆಗೆದುಕೊಳ್ಳುವಾಗ ಚರ್ಮ ಕೆಂಪಾಗದಿರಲಿ ಅಂತ ಹಚ್ಚುವ ರೂಢಿಯೂ ಇದೆ, ಚೆನ್ನಾಗಿ ನಡೆಸಿದ ಪ್ರಯೋಗಗಳಲ್ಲಿ ಅದು ನಿರೀಕ್ಷೆ ಉಳಿಸಿಕೊಳ್ಳಲಿಲ್ಲ. ರೇಡಿಯೇಶನ್ ಕೊಡುವ ತಂಡವನ್ನು ಕೇಳದೆ ಆ ಜಾಗಕ್ಕೆ ಏನೂ ಹಚ್ಚಬೇಡಿ.

ಹಂತ 6: ಕುಡಿಯುವ ಮುಂಚೆ ಇದಿಷ್ಟು ಓದಿ

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ನಾನು ಹಚ್ಚುತ್ತೇನೆ, ಕುಡಿಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

"ಕುಡಿದ ಮರುದಿನವೇ ಹೊಟ್ಟೆ ಹಗುರಾಯಿತು, ಕೆಲಸ ಮಾಡುತ್ತೆ" ಅಂತ ಬರೆಯುವವರು ತುಂಬಾ ಜನ. ಕೆಲಸ ಮಾಡಿದ್ದು ಬಹುಶಃ ಉಳಿದುಕೊಂಡ ಹಳದಿ ರಸ. ಅಲೋಯಿನ್ ಹೊಟ್ಟೆಯಲ್ಲಿ ಸುಮ್ಮನಿದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಕೆರಳಿಸುವ ಪದಾರ್ಥ ಮಾಡುತ್ತವೆ. ಕರುಳು ನೀರು ಹೀರುವುದು ಕಡಿಮೆಯಾಗಿ, ಬೇಗ ಬೇಗ ಹಿಂಡುತ್ತದೆ. ರಾತ್ರಿ ಕುಡಿದರೆ ಬೆಳಗ್ಗೆ ಓಡಬೇಕಾಗುವುದು ಇದಕ್ಕೇ. ಇದಕ್ಕೆ "ದೇಹ ಶುದ್ಧಿ" ಅಂತ ಚಂದದ ಹೆಸರು ಕೊಟ್ಟಿದ್ದಾರೆ. ಆಗಿದ್ದು ಭೇದಿ, ಅಷ್ಟೇ.

ದಿನಾ ಹೀಗೆ ಮಾಡಿದರೆ ಪೊಟ್ಯಾಸಿಯಂ ಹೊರಟುಹೋಗುತ್ತದೆ. ಹೃದಯ ಒಂದೇ ಲಯದಲ್ಲಿ ಬಡಿಯಲು, ಸ್ನಾಯು ಕೆಲಸ ಮಾಡಲು ಬೇಕಾದ ಲವಣ ಅದು. ಕರುಳೂ ಸೋಮಾರಿಯಾಗಬಹುದು. ಒಣಗಿಸಿದ ಹಳದಿ ರಸವನ್ನು ದಿನಕ್ಕೆ 1 ಗ್ರಾಂನಂತೆ ಕೆಲವು ದಿನ ತೆಗೆದುಕೊಂಡರೂ ಕಿಡ್ನಿಗೆ ಪೆಟ್ಟು ಬೀಳಬಹುದು, ಪ್ರಾಣಕ್ಕೂ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲೋಳೆಸರದ ಭೇದಿ ಔಷಧಿಗಳ ಸುರಕ್ಷತೆ ತೋರಿಸುವ ಮಾಹಿತಿಯನ್ನು ತಯಾರಕರಿಂದ ಕೇಳಿತ್ತು. ಯಾರೂ ಕೊಡಲಿಲ್ಲ. 2002ರಲ್ಲಿ ಅವು ಚೀಟಿ ಇಲ್ಲದೆ ಮಾರುವ ಔಷಧಿಗಳ ಸಾಲಿನಿಂದ ಹೊರಬಿದ್ದವು.

ಇನ್ನು ಕ್ಯಾನ್ಸರಿನ ವಿಷಯ. ಎರಡೂ ಕಡೆಯಿಂದ ಉತ್ಪ್ರೇಕ್ಷೆ ಕೇಳಿದ್ದೇನೆ. ಸಿಪ್ಪೆ ಸಮೇತ ಇಡೀ ಎಲೆ ಅರೆದು, ಹಳದಿ ರಸ ತೆಗೆಯದೆ ಮಾಡಿದ ಸಾರವನ್ನು ಇಲಿಗಳ ಕುಡಿಯುವ ನೀರಿಗೆ ಬೆರೆಸಿ ಎರಡು ವರ್ಷ ಕೊಟ್ಟರು. ದೊಡ್ಡ ಕರುಳಿನಲ್ಲಿ ಗಡ್ಡೆಗಳಾದವು. 2013ರಲ್ಲಿ ಈ ವರದಿ ಹೊರಬಂತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು 2ಬಿ ಗುಂಪಿಗೆ ಸೇರಿಸಿತು. 2ಬಿ ಅಂದರೆ "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಗುಂಪು. "ತರುತ್ತದೆ" ಅಂತ ಖಚಿತವಾಗಿ ಹೇಳುವ ಗುಂಪು ಬೇರೆ ಇದೆ. ಚೆನ್ನಾಗಿ ತೊಳೆದ ಒಳಗಿನ ಲೋಳೆಯ ಮೇಲೆ ಈ ಆರೋಪ ಇಲ್ಲ. ಹಾಗಾಗಿ ಒಂದು ಸಲ ಕುಡಿದವರು ನಿದ್ದೆಗೆಡಬೇಕಿಲ್ಲ. ಎಲೆ ಸಮೇತ ಮಿಕ್ಸಿಗೆ ಹಾಕಿ ದಿನಾ ಕುಡಿಯುವವರು ಮಾತ್ರ ಇವತ್ತೇ ನಿಲ್ಲಿಸುವುದು ಒಳ್ಳೆಯದು.

ಕ್ಯಾನ್ಸರ್ ವಾಸಿಮಾಡುತ್ತದೆ ಅನ್ನುವುದು ಇನ್ನೊಂದು ಕಡೆಯ ಉತ್ಪ್ರೇಕ್ಷೆ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ. ಲೋಳೆಸರದ ಇಂಜೆಕ್ಷನ್ ತೆಗೆದುಕೊಂಡ ರೋಗಿಗಳು ಸತ್ತ ವರದಿಗಳಿವೆ. ಯಾರು ಹೇಳಿದರೂ ಆ ದಾರಿ ಬೇಡ.

ಶುಗರ್ ಬಗ್ಗೆ ಬರೋಣ. ಕೆಲವು ಸಣ್ಣ ಪ್ರಯೋಗಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಪ್ರಮಾಣ ಸ್ವಲ್ಪ ಇಳಿದದ್ದು ಕಂಡಿದೆ. ಸಣ್ಣ ಗುಂಪು, ಕಡಿಮೆ ದಿನ, ಒಬ್ಬರು ಪುಡಿ ಕೊಟ್ಟರೆ ಇನ್ನೊಬ್ಬರು ರಸ ಕೊಟ್ಟರು. ಇದನ್ನು ನಂಬಿ ಮಾತ್ರೆ ಬಿಡುವುದು ಹುಚ್ಚುತನ. ಮಾತ್ರೆ ಬಿಡದೆ ಜೊತೆಗೆ ಕುಡಿಯುವುದರಲ್ಲೂ ತೊಂದರೆ ಇದೆ. ಎರಡೂ ಸೇರಿ ಸಕ್ಕರೆ ಜಾಸ್ತಿ ಇಳಿದು ಕೈನಡುಕ, ಬೆವರು, ತಲೆಸುತ್ತು ಬರಬಹುದು. ತೂಕ ಇಳಿಯುತ್ತದೆ ಅನ್ನುವವರಿಗೆ ಒಂದೇ ಮಾತು. ಭೇದಿಯಲ್ಲಿ ಹೋದದ್ದು ನೀರಿನ ತೂಕ, ಎರಡು ದಿನಕ್ಕೆ ವಾಪಸ್ ಬರುತ್ತದೆ.

ಹಂತ 7: ನೀವು ಈ ಸಾಲಿನಲ್ಲಿದ್ದೀರಾ?

ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಮಕ್ಕಳು ಕುಡಿಯಲೇಬಾರದು. ಕರುಳಿನ ಹುಣ್ಣು, ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ, ಕಿಡ್ನಿ ತೊಂದರೆ, ಮೂಲವ್ಯಾಧಿ ಇರುವವರೂ ಹಾಗೇ. ತಿಂಗಳುಗಟ್ಟಲೆ ಲೋಳೆಸರದ ಮಾತ್ರೆ, ಜ್ಯೂಸ್ ತೆಗೆದುಕೊಂಡ ಕೆಲವರಿಗೆ ಲಿವರ್ ಊದಿದ ವರದಿಗಳಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. "ಗಿಡದ್ದು ತಾನೇ" ಅಂತ ಜ್ಯೂಸಿನ ವಿಷಯ ಮರೆಮಾಚಬೇಡಿ, ಅವರು ಕಾರಣ ಹುಡುಕುತ್ತಾ ತಿಂಗಳು ಕಳೆಯಬೇಕಾಗುತ್ತದೆ.

ಔಷಧಿಗಳಲ್ಲಿ ಮುಖ್ಯವಾಗಿ ನಾಲ್ಕು ಗುಂಪು ನೆನಪಿಡಿ. ಶುಗರ್ ಮಾತ್ರೆ ಮತ್ತು ಇನ್ಸುಲಿನ್. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಪೊಟ್ಯಾಸಿಯಂ ಕಡಿಮೆಯಾದರೆ ಇದು ವಿಷದಂತೆ ವರ್ತಿಸಬಹುದು. ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡಿಸುವಂಥವು. ರಕ್ತ ತೆಳುವಾಗಿಸುವ ವಾರ್ಫರಿನ್ ಥರದವು. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಕುಡಿಯುವುದನ್ನು ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೂ ತಿಳಿಸಿ. ಯಾವುದೇ ಮಾತ್ರೆಯನ್ನು ನುಂಗಿದ ಹಿಂದೆಯೇ ಭೇದಿಯಾದರೆ ಅದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗಬಹುದು. ಗರ್ಭನಿರೋಧಕ ಮಾತ್ರೆಗೂ ಈ ಮಾತು ಸಲ್ಲುತ್ತದೆ.

ಹಂತ 8: ಬಾಟಲಿ ತಿರುಗಿಸಿ ಹಿಂದೆ ಓದಿ

ಮುಂದಿನ ಹಸಿರು ಎಲೆಯ ಚಿತ್ರ ಬಿಡಿ. ಹಿಂದಿನ ಸಣ್ಣ ಅಕ್ಷರ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಹಚ್ಚುವ ಜೆಲ್ಲಿನಲ್ಲಿ ಲೋಳೆಸರದ ಹೆಸರು ಸಾಮಾನ್ಯವಾಗಿ "ಅಲೋ ಬಾರ್ಬಡೆನ್ಸಿಸ್ ಲೀಫ್ ಜ್ಯೂಸ್" ಅಂತ ಇರುತ್ತದೆ. ಅದು ಪಟ್ಟಿಯ ಬಾಲದಲ್ಲಿ, ಸುವಾಸನೆ ಮತ್ತು ಬಣ್ಣದ ಪಕ್ಕ ಇದ್ದರೆ ನೀವು ಕೊಂಡದ್ದು ಹಸಿರು ನೀರು. ಲೋಳೆಯ ನಿಜವಾದ ಬಣ್ಣ ಹಸಿರಲ್ಲ ಅಂತ ಹಂತ 3ರಲ್ಲೇ ಕಂಡಿರಿ ಅಲ್ವಾ? "ಶೇ. 100 ಶುದ್ಧ" ಅಂದರೂ ಅಲ್ಲಾಡದಷ್ಟು ಗಟ್ಟಿ ಇದ್ದರೆ ಗಟ್ಟಿ ಮಾಡುವ ಅಂಟು ಸೇರಿಸಿದ್ದಾರೆ. ಅದು ಮೋಸವೇ ಆಗಬೇಕಿಲ್ಲ, ಆದರೆ ಮಾತು ಪೂರ್ತಿ ನಿಜವೂ ಅಲ್ಲ. ಆಲ್ಕೋಹಾಲ್ ಮೊದಲ ನಾಲ್ಕೈದು ಹೆಸರಿನೊಳಗಿದ್ದರೆ ಸುಟ್ಟ ಚರ್ಮಕ್ಕೆ ಹಚ್ಚಬೇಡಿ, ಉರಿ ಏಳುತ್ತದೆ.

ಲೋಳೆಸರದ ಬದಲು ಮಾಲ್ಟೊಡೆಕ್ಸ್‌ಟ್ರಿನ್ ತುಂಬುವವರೂ ಇದ್ದಾರೆ. ಅದು ಪಿಷ್ಟದಿಂದ ಮಾಡಿದ ಅಗ್ಗದ ಪುಡಿ. ಪ್ರಯೋಗಾಲಯದಲ್ಲಿ ಅಸೆಮನ್ನಾನ್ ಇದೆಯಾ ಅಂತ ನೋಡಿಯೇ ಇಂಥದ್ದನ್ನು ಹಿಡಿಯುತ್ತಾರೆ.

ಇಷ್ಟೆಲ್ಲ ಓದಿಯೂ ಕುಡಿಯುತ್ತೇನೆ ಅನ್ನುವವರು ಬಾಟಲಿಯ ಮೇಲೆ ಎರಡು ಮಾತು ಹುಡುಕಿ. "ಇನ್ನರ್ ಲೀಫ್" ಅಂದರೆ ಒಳಗಿನ ಲೋಳೆ ಮಾತ್ರ. "ಹೋಲ್ ಲೀಫ್" ಅಂತ ಇದ್ದರೆ ಜೊತೆಗೆ "ಡಿಕಲರೈಸ್ಡ್" ಅಂತಲೂ ಇರಬೇಕು, ಅಂದರೆ ಇದ್ದಿಲಿನಲ್ಲಿ ಸೋಸಿ ಹಳದಿ ರಸ ತೆಗೆದದ್ದು. ಕುಡಿಯುವ ಲೋಳೆಸರಕ್ಕೆ ಉದ್ಯಮದವರು ತಾವೇ ಹಾಕಿಕೊಂಡ ಮಿತಿ 10 ಪಿಪಿಎಂ ಅಲೋಯಿನ್, ಅಂದರೆ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ. ಬಾಟಲಿಯ ಮೇಲೆ ಈ ಅಂಕಿಯೇ ಇಲ್ಲದಿದ್ದರೆ ತಯಾರಕರನ್ನು ಕೇಳಿ. ಉತ್ತರ ಬರದಿದ್ದರೆ ಆ ಬಾಟಲಿ ಬಿಡಿ. ಕುಡಿಯಲು ಶುರು ಮಾಡಿದ ಮೇಲೆ ಹೊಟ್ಟೆ ನುಲಿತ, ಭೇದಿ ಬಂದರೆ ಅಲ್ಲಿಗೇ ನಿಲ್ಲಿಸಿ. "ಮೊದಲು ಹಾಗೇ, ಆಮೇಲೆ ಒಗ್ಗುತ್ತೆ" ಅನ್ನುವ ಮಾತಿಗೆ ಕಿವಿ ಕೊಡಬೇಡಿ.

ಉಳಿದ ಲೋಳೆ ಏನು ಮಾಡುವುದು

ಗಾಜಿನ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬಳಸಬಹುದು. ಐಸ್ ಅಚ್ಚಿನಲ್ಲಿ ಹಾಕಿ ಗಟ್ಟಿ ಮಾಡಿಟ್ಟರೆ ಇನ್ನೂ ಜಾಸ್ತಿ ದಿನ. ಬಳಸುವಾಗ ಮೊದಲು ಕರಗಿಸಿಕೊಳ್ಳಿ, ಸುಟ್ಟ ಚರ್ಮಕ್ಕೆ ಐಸ್ ಬೇಡ ಅಂದದ್ದು ಇದಕ್ಕೂ ಅನ್ವಯ. "ಗುಲಾಬಿ ಬಣ್ಣಕ್ಕೆ ತಿರುಗಿದೆ, ಹಾಳಾಯಿತಾ?" ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಗಾಳಿ ತಾಗಿ ಹಾಗಾಗುತ್ತದೆ, ಬಣ್ಣ ತಿರುಗಿದ ಮಾತ್ರಕ್ಕೆ ಕೊಳೆತಿದೆ ಅಂತಲ್ಲ. ಹುಳಿ ವಾಸನೆ ಬಂದರೆ, ನೀರಾಗಿ ಒಡೆದರೆ, ಮೇಲೆ ಬೂಷ್ಟು ಕಂಡರೆ ಚೆಲ್ಲಿ.

ಕೆರೆದ ಸಿಪ್ಪೆಯನ್ನು ನಾಯಿ, ಬೆಕ್ಕಿಗೆ ಸಿಗುವ ಜಾಗದಲ್ಲಿ ಎಸೆಯಬೇಡಿ. ಹಳದಿ ರಸ ಅವಕ್ಕೂ ವಿಷವೇ, ವಾಂತಿ ಭೇದಿ ಶುರುವಾಗಿ ಮಂಕಾಗಿ ಮಲಗಿಬಿಡುತ್ತವೆ. ಲೋಟದಲ್ಲಿ ಇಳಿಸಿಟ್ಟ ಆ ಒಂದು ಚಮಚ ರಸವನ್ನೂ ಆಗಲೇ ಚೆಲ್ಲಿ, ಲೋಟ ಸೋಪು ಹಾಕಿ ತೊಳೆದಿಡಿ.